ಅತ್ತೆ, ನಾನು ಮತ್ತು ಡಚ್ಚರ ಕುರಿಗಳು

ಚಿತ್ರಶಾಲೆಗೆ ಹೋದರೆ ನನಗೆ ನಿದ್ದೆ ಬರುತ್ತದೆ. ಹೇಳಿಕೊಳ್ಳಲು ಮೊದಮೊದಲು ಸಂಕೋಚವಾಗುತ್ತಿತ್ತು, ಈಗಿಲ್ಲ. ಸಂಗೀತ ಕಛೇರಿಯಲ್ಲಿ ಕಣ್ಣು ಮುಚ್ಚಿದವನನ್ನು ಪಕ್ಕದವರು ರಸಿಕನೆಂದು ಗೌರವದಿಂದ ನೋಡುತ್ತಾರೆ. ಅವನು ರಾಗದಲ್ಲಿ ಮುಳುಗಿದ್ದಾನೋ ಮಧ್ಯಾಹ್ನದ ಊಟದಲ್ಲಿ ಮುಳುಗಿದ್ದಾನೋ ಯಾರೂ ವಿಚಾರಿಸುವುದಿಲ್ಲ. ಚಿತ್ರದ ಮುಂದೆ ಕಣ್ಣು ಮುಚ್ಚಿದವನಿಗೆ ಆ ಮರ್ಯಾದೆ ಇಲ್ಲ. ನೋಡಲೆಂದೇ ಇಟ್ಟ ವಸ್ತುವಿನ ಎದುರು ಕಣ್ಣು ಮುಚ್ಚಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಆದರೂ ನನ್ನ ವಾದ ಇಷ್ಟೇ: ಹೊರಗೆ ಮಳೆ, ಒಳಗೆ ಹದವಾದ ಬಿಸುಪು, ಯಾರೂ ಜೋರಾಗಿ ಮಾತಾಡದ ಮೌನ, ಕೋಣೆಯ ನಟ್ಟನಡುವೆ ಒಂದು ಅಗಲವಾದ ಮೆತ್ತನೆಯ ಬೆಂಚು. ಇವನ್ನೆಲ್ಲ ಒಂದೇ ಕಡೆ ತಂದಿಟ್ಟವರು ನಿದ್ದೆಯನ್ನು ಲೆಕ್ಕಕ್ಕೆ ಹಿಡಿಯದೆ ಇಟ್ಟಿರಲಾರರು.

ಹಾಗೆಂದು ಎಲ್ಲ ಚಿತ್ರಗಳೂ ನಿದ್ದೆ ಬರಿಸುವುದಿಲ್ಲ. ರಾಜರು ರಾಣಿಯರು ನಮ್ಮನ್ನೇ ದಿಟ್ಟಿಸುತ್ತಾರೆ, ಅವರ ಎದುರು ಮಲಗುವುದು ಕಷ್ಟ. ಯುದ್ಧದ ಚಿತ್ರಗಳಲ್ಲಿ ಗದ್ದಲ ಹೆಚ್ಚು. ಹಣ್ಣಿನ ಬುಟ್ಟಿಗಳನ್ನು ನೋಡಿದರೆ ಹಸಿವಾಗುತ್ತದೆ. ನಿದ್ದೆಗೆ ಹೇಳಿ ಮಾಡಿಸಿದ್ದು ಹತ್ತೊಂಬತ್ತನೆಯ ಶತಮಾನದ ಡಚ್ಚರು ಬರೆದ ಕುರಿಗಳು. ಸಿಯಾಟಲ್‌ನ ಗುಡ್ಡದ ಮೇಲೆ, ಆಸ್ಪತ್ರೆಗಳ ನಡುವೆ, ಒಂದು ಚಿಕ್ಕ ಮ್ಯೂಸಿಯಂ ಇದೆ; ಒಳಗೆ ಹೋಗಲು ಟಿಕೆಟ್ ಇಲ್ಲ. ಹೋದ ಚಳಿಗಾಲದಲ್ಲಿ ಅಲ್ಲಿ ಅಂಥ ಒಂದು ಚಿತ್ರ ತೂಗುಹಾಕಿದ್ದರು. ಬಂಡಿಯ ಗಾಲಿಯಿಂದ ಗೀರುಬಿದ್ದ ಒಂದು ಮರಳುದಾರಿ. ದಾರಿ ತುಂಬ ಕುರಿಗಳ ಬೆನ್ನು. ಕೊನೆಯಲ್ಲಿ ಉದ್ದ ಕೋಟು ತೊಟ್ಟ ಕುರಿಗಾಹಿ, ಅವನ ಪಕ್ಕದಲ್ಲಿ ನಾಯಿ. ಅವರೂ ನಮಗೆ ಬೆನ್ನು ಕೊಟ್ಟವರೇ. ಉಳಿದ ಮುಕ್ಕಾಲು ಪಾಲು ಆಕಾಶ. ಆ ಚಿತ್ರದಲ್ಲಿ ಯಾರಿಗೂ ನಮ್ಮ ಪರಿವೆಯಿಲ್ಲ. ಅವರ ಪಾಡಿಗೆ ಅವರು ಹೊರಟಿದ್ದಾರೆ, ನಮ್ಮ ಪಾಡಿಗೆ ನಾವು ತೂಕಡಿಸಬಹುದು.

ಡಚ್ಚರು ಯಾಕೆ ಹೀಗೆ ಕುರಿಗಳ ಬೆನ್ನು ಹತ್ತಿದರು ಎಂಬುದು ನಾನು ಆಮೇಲೆ ಓದಿ ತಿಳಿದುಕೊಂಡ ವಿಷಯ. ಅವರ ದೇಶದಲ್ಲಿ ರೈಲು ಬಂತು, ಕಾರ್ಖಾನೆಗಳ ಚಿಮಣಿ ಎದ್ದವು, ಪೇಟೆಗಳು ಬೆಳೆದವು. ಆಗ ಹೇಗ್ ನಗರದ ಸುತ್ತಮುತ್ತಲಿನ ಒಂದಷ್ಟು ಚಿತ್ರಕಾರರು ಬಣ್ಣದ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಏನೂ ಬೆಳೆಯದ ಬಯಲುಗಳ ಕಡೆಗೆ, ಕುರಿಮಂದೆ ಇನ್ನೂ ಉಳಿದಿದ್ದ ಹಳ್ಳಿಗಳ ಕಡೆಗೆ ಹೊರಟರು. ಬಿಸಿಲಿನ ದಿನ ಬಿಟ್ಟು ಮೋಡದ ದಿನ ಆರಿಸಿಕೊಂಡರು. ಎಲ್ಲವನ್ನೂ ಎಷ್ಟು ಬೂದಾಗಿ ಬರೆದರೆಂದರೆ, ಅವರದು ಬೂದು ಪಂಥವೆಂದು ಜನ ಹೆಸರಿಟ್ಟರು. ಮಜವೆಂದರೆ, ಈ ಬೂದು ಕುರಿಗಳನ್ನು ಮುಗಿಬಿದ್ದು ಕೊಂಡವರು ಹೊಗೆಯ ಪೇಟೆಗಳಲ್ಲಿದ್ದ ಸಾಹುಕಾರರು, ಅವರಲ್ಲಿಯೂ ಅಮೆರಿಕದವರು. ಅಂಗಡಿಗೆ ಬಂದು, ‘ನಮಗೆ ಬರುವ ಕುರಿ ಬೇಕು’, ‘ನಮಗೆ ಹೋಗುವ ಕುರಿಯಾದರೂ ಆದೀತು’ ಎಂದು ಕೇಳುತ್ತಿದ್ದರಂತೆ. ಮುಖ ಕಾಣುವ ಕುರಿಗೆ ಗಿರಾಕಿ ಹೆಚ್ಚು. ನಮ್ಮ ಊರಿನ ಮ್ಯೂಸಿಯಮ್ಮಿಗೆ ಬಂದದ್ದು ಹೋಗುವ ಕುರಿಗಳು.

ಇಷ್ಟನ್ನು ಹೇಳಿ, ನಾನು ದೊಡ್ಡ ಕಲಾಪ್ರೇಮಿಯೆಂಬ ತಪ್ಪು ಅಭಿಪ್ರಾಯ ಹುಟ್ಟಿಸಲಾರೆ. ನನ್ನನ್ನು ಆ ಬೆಂಚಿನ ಮೇಲೆ ತಂದು ಕೂರಿಸಿದವರು ನನ್ನ ಅತ್ತೆ.

ನನ್ನ ಹೆಂಡತಿ ಸುಧಾಳ ತಾಯಿ ಶಾಂತವ್ವನವರು ಗದಗಿನವರು. ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಇಂದಿಗೂ ಅವರು ಪೇಟೆಗೆ ಹೋದರೆ ಮೊಮ್ಮಕ್ಕಳನ್ನು ಎತ್ತಿಕೊಂಡ ಹೆಂಗಸರು ಸೈಕಲ್ ಅಂಗಡಿಯ ಮುಂದೆ ತಡೆದು, ‘ಡ್ರಾಯಿಂಗ್ ಬಾಯಾರ, ಆರಾಮದೀರಿ?’ ಎಂದು ಮಾತಾಡಿಸುತ್ತಾರೆ. ಅಷ್ಟು ಮಾತಿನ ನಡುವೆ ಬದುಕಿದ ಈಕೆಗೂ, ಬೆಂಗಳೂರಿನಲ್ಲಿ ಬೆಳೆದು ಮಾತಿಗೆ ಬರವಿಲ್ಲದ ನನಗೂ, ಮದುವೆಯಾಗಿ ಇಷ್ಟು ವರ್ಷ ಕಳೆದರೂ, ನಡೆದ ಸಂಭಾಷಣೆಯನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಲೋಟ ಚಹಾ ಆರುವಷ್ಟು ಹೊತ್ತಿಗೆ ಮುಗಿಯುತ್ತದೆ. ಜಗಳವೇನೂ ಇರಲಿಲ್ಲ. ಅಳಿಯನ ಎದುರು ಕುರ್ಚಿಯ ಮೇಲೆ ಕೂರಬಾರದೆಂಬುದು ಅವರು ಬೆಳೆದ ಮನೆಯ ರೀತಿ. ಅತ್ತೆ ನಿಂತಿರುವಾಗ ತಾನು ಕೂತಿರಬಾರದೆಂಬುದು ನನ್ನ ತಾಯಿ ಕಲಿಸಿದ್ದು. ಹೀಗಾಗಿ ಇಬ್ಬರೂ ಒಂದೇ ಕೋಣೆಗೆ ಬಂದರೆ ಬಸ್ಸಿಗೆ ಕಾಯುವವರ ಹಾಗೆ ನಿಂತೇ ಇರುತ್ತಿದ್ದೆವು. ಅವರು, ‘ಊಟ ಆತೇನ್ರಿ?’ ಎನ್ನುವರು. ನಾನು, ‘ಆಯ್ತು ಅತ್ತೆ’ ಎನ್ನುವೆ. ಉಳಿದದ್ದು ಏನಿದ್ದರೂ ಸುಧಾಳ ಮೂಲಕ. ಅವ್ವನ ಎದುರು ನನ್ನನ್ನು ‘ನೀವು’ ಎಂದೂ ಕಾರಿನೊಳಗೆ ‘ನೀನು’ ಎಂದೂ ಕರೆಯುವ ಸುಧಾ, ಎರಡು ದೇಶಗಳ ನಡುವಿನ ರಾಯಭಾರಿಯ ಹಾಗೆ ಓಡಾಡುತ್ತಿದ್ದಳು.

ಅಂಥ ಅತ್ತೆ ಎಲೆ ಉದುರುವ ಕಾಲಕ್ಕೆ ಸಿಯಾಟಲ್ ಹತ್ತಿರದ ಮಿಲ್ ಕ್ರೀಕ್‌ನ ನಮ್ಮ ಮನೆಗೆ ಬಂದರು, ವಸಂತದವರೆಗೆ ಇರುವುದೆಂದು. ಬಂದ ಗಳಿಗೆ ಸರಿಯಿರಲಿಲ್ಲ. ಅವರ ವಿಮಾನ ಇಳಿಯುವುದಕ್ಕೆ ಕೆಲವು ವಾರ ಮುಂಚೆ, ಈಸ್ಟ್‌ಗೇಟ್‌ನ ಆಫೀಸಿನಲ್ಲಿ ನಮ್ಮ ಇಡೀ ತಂಡವನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಅದರಲ್ಲಿ ನಾನೂ ಒಬ್ಬ. ‘ಅವ್ವಂಗೆ ಈಗಲೇ ಹೇಳೋದು ಬೇಡ’ ಎಂದಳು ಸುಧಾ. ‘ಅಷ್ಟು ದೂರದಿಂದ ಬರ್ತಿದಾಳೆ, ಬಂದ ದಿನದಿಂದ ಚಿಂತೆ ಹಚ್ಕೋತಾಳೆ. ನೀನು ಮನೆಯಿಂದಲೇ ಕೆಲಸ ಮಾಡ್ತೀಯ ಅಂತ ಹೇಳಿದೀನಿ.’ ಅದು ಪೂರಾ ಸುಳ್ಳೂ ಅಲ್ಲ. ಕೆಲಸ ಹುಡುಕುವುದೂ ಒಂದು ಕೆಲಸವೇ.

ಹೀಗೆ ನಾಟಕ ಶುರುವಾಯಿತು. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಶರ್ಟು ತೊಟ್ಟು, ಮಹಡಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅರ್ಜಿ ಹಾಕುತ್ತಿದ್ದೆ. ಆಗಾಗ ಯಾರ ಜೊತೆಗೋ ಮಾತಾಡುವಂತೆ, ‘ಯಸ್, ಯಸ್, ವಿಲ್ ಡೂ’ ಎಂದು ಗೋಡೆಗೆ ಹೇಳುತ್ತಿದ್ದೆ. ಕೆಳಗೆ ಅತ್ತೆ ನನ್ನ ಕೆಲಸಕ್ಕೆ ತೊಂದರೆಯಾಗಬಾರದೆಂದು ಟೀವಿಯ ಧ್ವನಿಯನ್ನು ಪೂರ್ತಿ ತಗ್ಗಿಸಿ ಧಾರಾವಾಹಿ ನೋಡುತ್ತಿದ್ದರು. ಮೇಲೆ ನಾನು ಅವರ ಮಧ್ಯಾಹ್ನದ ನಿದ್ದೆಗೆ ತೊಂದರೆಯಾಗಬಾರದೆಂದು ಕಾಲು ಎಳೆಯದೆ ನಡೆಯುತ್ತಿದ್ದೆ. ಅವರು ನಿದ್ದೆ ಮಾಡುತ್ತಿರಲಿಲ್ಲ, ನಾನು ಕೆಲಸ ಮಾಡುತ್ತಿರಲಿಲ್ಲ. ಹೊರಗೆ ಮಳೆ ಕೂಡ ಸದ್ದಿಲ್ಲದೆ ಬರುತ್ತಿತ್ತು. ನಮ್ಮ ಕಡೆಯ ಮಳೆ ಬಂದರೆ ಬಂತೆಂದು ಗೊತ್ತಾಗುತ್ತದೆ, ಹೋದರೆ ಹೋಯಿತೆಂದು ಗೊತ್ತಾಗುತ್ತದೆ. ಇಲ್ಲಿಯದು ಬರುವುದೂ ಇಲ್ಲ ಹೋಗುವುದೂ ಇಲ್ಲ, ಸುಮ್ಮನೆ ಇರುತ್ತದೆ.

ಅತ್ತೆ ದಿನದ ಬಹುಪಾಲು ಕಿಟಕಿಯ ಹತ್ತಿರ ನಿಂತಿರುತ್ತಿದ್ದರು. ನೋಡುವುದಕ್ಕೆ ಏನಿತ್ತು? ಒಂದೇ ಥರದ ಮನೆಗಳು, ಒಂದೇ ಥರದ ಗ್ಯಾರೇಜ್ ಬಾಗಿಲುಗಳು, ಅದರ ಮೇಲೆ ಮುಚ್ಚಳ ಹಾಕಿದಂಥ ಆಕಾಶ. ಒಂದು ಸಂಜೆ ಸುಧಾ ಡೌನ್‌ಟೌನ್ ಬೆಲ್ವ್ಯೂದ ಆಫೀಸಿನಿಂದ ಬಂದವಳು ಅಡುಗೆಮನೆಯಲ್ಲಿ ಅವ್ವನ ಜೊತೆ ಮಾತಾಡಿ, ಮೇಲೆ ಬಂದು ಮಂಚದ ತುದಿಯಲ್ಲಿ ಕೂತಳು. ಕಣ್ಣು ಕೆಂಪಾಗಿತ್ತು.

‘ಟಿಕೆಟ್ ಚೇಂಜ್ ಮಾಡಿಸು ಅಂತಿದಾಳೆ. ಸಂಕ್ರಾಂತಿ ಒಳಗೆ ಹೋಗ್ಬೇಕಂತೆ.’

‘ಯಾಕಂತೆ?’

‘ಯಾಕೂ ಇಲ್ಲ ಅಂತಾಳೆ. ಹೋಗ್ತೀನವಾ ಅಷ್ಟೇ, ಅಂತಾಳೆ. ಇಷ್ಟು ವರ್ಷಕ್ಕೆ ಒಂದು ಸಲ ಬಂದಿದಾಳೆ. ನಂಗೋ ಆಫೀಸಲ್ಲಿ ಈ ಸಾಫ್ಟ್ವೇರ್ ರಿಲೀಸ್ ಮುಗಿಯೋ ತನಕ ಉಸಿರಾಡೋಕ್ಕೆ ಆಗಲ್ಲ. ನೀನು ಎಲ್ಲಾದ್ರೂ ಒಂದು ಕಡೆ ಕರ್ಕೊಂಡು ಹೋಗು. ಮಾತಾಡದೆ ಇದ್ರೂ ಪರವಾಗಿಲ್ಲ, ಡ್ರೈವ್ ಮಾಡು ಸಾಕು.’

ಮಾತಾಡದೆ ಇದ್ದರೂ ನಡೆಯುವ ಜಾಗ ಯಾವುದೆಂದು ಯೋಚಿಸಿದಾಗ ನನಗೆ ಹೊಳೆದದ್ದು ಆ ಮ್ಯೂಸಿಯಂ. ಡ್ರಾಯಿಂಗ್ ಕಲಿಸಿದವರು, ನಾಲ್ಕು ಚಿತ್ರ ನೋಡಲಿ. ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಹೊರಗೆ ಹೋಗಿ ಬರೋಣ್ವಾ ಅತ್ತೆ?’ ಎಂದೆ. ಅವರು ಒಗ್ಗರಣೆ ಸೌಟು ಹಿಡಿದೇ ತಿರುಗಿದರು.

‘ಇವತ್ತ ಆಫೀಸ್ ಇಲ್ಲೇನ್ರಿ?’

‘ರಜೆ ಅತ್ತೆ.’

ಆ ಚಳಿಗಾಲದಲ್ಲಿ ಅಮೆರಿಕಕ್ಕೆ ಗೊತ್ತಿಲ್ಲದ ಎಷ್ಟೋ ರಜೆಗಳನ್ನು ನಾನು ಘೋಷಿಸಿದೆ. ಹೆಚ್ಚಿನವು ಗುರುವಾರವೇ ಬರುತ್ತಿದ್ದವು.

ಮೊದಲ ದಿನ ಮ್ಯೂಸಿಯಮ್ಮಿನಲ್ಲಿ ಅವರು ನನ್ನಿಂದ ನಾಲ್ಕು ಹೆಜ್ಜೆ ಹಿಂದೆ, ಸೆರಗನ್ನು ಕೋಟಿನ ಮೇಲೆ ಹೊದ್ದು ಬರುತ್ತಿದ್ದರು. ಹಣ್ಣಿನ ಬುಟ್ಟಿ, ಹಡಗು, ಟೊಪ್ಪಿಗೆ ಹಾಕಿದ ಹೆಂಗಸು, ಎಲ್ಲದರ ಮುಂದೆಯೂ ಪರೀಕ್ಷೆಯ ಹಾಲಿನಲ್ಲಿ ಸುತ್ತುವ ಮೇಷ್ಟರ ಹಾಗೆ ಒಂದು ಕ್ಷಣ ನಿಂತು ಮುಂದೆ ಹೋದರು. ಒಳಕೋಣೆಗೆ ಬಂದಾಗ ಹಿಂದೆ ಹೆಜ್ಜೆ ಸಪ್ಪಳ ನಿಂತಿತು. ತಿರುಗಿ ನೋಡಿದರೆ ಅತ್ತೆ ಕುರಿಗಳ ಚಿತ್ರದ ಮುಂದೆ ನಿಂತಿದ್ದರು. ಆಮೇಲೆ, ನಾನು ಅಲ್ಲಿಯೇ ಇದ್ದೇನೆಂಬುದನ್ನು ಮರೆತು, ಬೆಂಚಿನ ಮೇಲೆ ಕೂತುಬಿಟ್ಟರು. ನನ್ನ ಎದುರು ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ಬೆಂಚಿನ ಇನ್ನೊಂದು ತುದಿಗೆ ಕೂತೆ.

‘ಇವು ನನ್ನ ಕುರಿ’ ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಚಿತ್ರದಿಂದ ಕಣ್ಣು ತೆಗೆಯದೆ ಹೇಳಿದರು. ಅವರ ಶಾಲೆಯ ಕಪಾಟಿನಲ್ಲಿ ರಟ್ಟು ಕಿತ್ತುಹೋದ ಒಂದು ಹಳೆಯ ಇಂಗ್ಲಿಷ್ ಪುಸ್ತಕವಿತ್ತಂತೆ. ಅದರಲ್ಲಿ ಇಂಥದೇ ಒಂದು ಕಪ್ಪುಬಿಳುಪು ಚಿತ್ರ: ದಾರಿ, ಕುರಿಗಳ ಬೆನ್ನು, ಕೋಲು ಹಿಡಿದ ಮನುಷ್ಯ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವುದು ಹೇಗೆಂದು ಮಕ್ಕಳಿಗೆ ತೋರಿಸಲು ಅದಕ್ಕಿಂತ ಸುಲಭದ ಚಿತ್ರ ಇನ್ನೊಂದಿರಲಿಲ್ಲ. ವರ್ಷವರ್ಷವೂ ಹೊಸ ತರಗತಿಗೆ ಕರಿಹಲಗೆಯ ಮೇಲೆ ಅದನ್ನೇ ಬರೆದರು.

‘ಅದೇ ಚಿತ್ರಾನೋ, ಅಂಥಾದ್ದೋ ಗೊತ್ತಿಲ್ರಿ. ಆದ್ರ ಈ ಬೆನ್ನು ನನಗ ಗೊತ್ತು’ ಎಂದರು. ಮತ್ತೆ ಸಣ್ಣಗೆ ನಕ್ಕರು. ‘ಪುಸ್ತಕ ಕಪ್ಪುಬಿಳುಪು ಇತ್ತು ನೋಡ್ರಿ. ಖರೇ ಚಿತ್ರದಾಗ ಚಲೋ ಬಣ್ಣ ಇದ್ದಾವು ಅಂತ ತಿಳಕೊಂಡು, ನಾನ ನೀಲಿ ಆಕಾಶ, ಹಸರ ಹುಲ್ಲು, ಎಲ್ಲಾ ಬಣ್ಣದ ಚಾಕ್ ಹಚ್ಚಿ ತುಂಬಸ್ತಿದ್ದೆ. ಇಲ್ಲಿ ನೋಡಿದ್ರ ಇವರೂ ಬೂದೀನ ಹಚ್ಯಾರ. ಸುಮ್ಮನ ಅಷ್ಟು ಚಾಕ್ ಹಾಳು ಮಾಡಿದ್ನಿ.’

ಅಷ್ಟು ಉದ್ದದ ಮಾತನ್ನು ಅವರು ನನ್ನ ಜೊತೆ ಆಡಿದ್ದು ಕೂಡ ಅದೇ ಮೊದಲು. ಕಾರಣವನ್ನು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಎದುರುಬದುರು ಕೂತರೆ ಮಾತಿಗೆ ಮುಖದ ಕಾವಲು ಇರುತ್ತದೆ. ಹೇಳುವವರು ಕೇಳುವವರ ಹುಬ್ಬನ್ನು ನೋಡಿಕೊಂಡು ಹೇಳುತ್ತಾರೆ. ಒಂದೇ ಬೆಂಚಿನಲ್ಲಿ ಕೂತು ಇಬ್ಬರೂ ಮೂರನೆಯದೊಂದನ್ನು ನೋಡುತ್ತಿದ್ದರೆ ಆ ಭಯವಿಲ್ಲ. ಕಾರಿನ ಮುಂದಿನ ಸೀಟುಗಳಲ್ಲಿ, ಕೆರೆಯ ದಂಡೆಯಲ್ಲಿ, ಒಲೆಯ ಮುಂದೆ ಜನ ಮನಸ್ಸು ಬಿಚ್ಚುವುದು ಇದಕ್ಕೇ ಇರಬೇಕು. ಡಚ್ಚರ ಕುರಿಗಳು ಈ ಕೆಲಸಕ್ಕೆ ಇನ್ನೂ ಒಳ್ಳೆಯವು, ಅವು ತಿರುಗಿ ನೋಡುವುದೂ ಇಲ್ಲ.

ಆಮೇಲೆ ಗುರುವಾರಗಳು ನಮ್ಮವಾದವು. ನಾನು ಒಂದು ತುದಿಯಲ್ಲಿ ಕೂತು ನನ್ನ ಸ್ವಭಾವದಂತೆ ತೂಕಡಿಸುವುದು, ಅವರು ಇನ್ನೊಂದು ತುದಿಯಲ್ಲಿ ಕೂತು ನೋಡುವುದು. ಬಹಳ ಹೊತ್ತು ನೋಡಿದರೆ ಆ ಬೂದು ಬೂದಾಗಿ ಉಳಿಯುವುದಿಲ್ಲ ಎಂದು ಅವರೇ ಕಂಡುಕೊಂಡರು. ಮೋಡದ ಕೆಳಗೆ ತೆಳ್ಳಗೆ ಹಳದಿ ಇತ್ತು. ಕುರಿಗಳ ಉಣ್ಣೆಯಲ್ಲಿ ನೀಲಿ. ಕುರಿಗಾಹಿಯ ಕೋಟಿನಲ್ಲಿ, ಹೇಳಿದರೆ ಯಾರೂ ನಂಬಲಾರರು, ಗುಲಾಬಿ. ಹೀಗೆ ಕಣ್ಣು ಪಳಗಿದ ಮೇಲೆ ಮನೆಯ ಕಿಟಕಿಯೂ ಬೇರೆಯಾಯಿತು. ಒಂದು ಬೆಳಿಗ್ಗೆ ಕಾಫಿಗೆ ಕೆಳಗಿಳಿದಾಗ ಅತ್ತೆ ಕಿಟಕಿಯಿಂದ ತಿರುಗದೆಯೇ ಸುಧಾಳಿಗೆ, ‘ಇವತ್ತ ಆಕಾಶದಾಗ ಒಂದೀಟ ಬದನಿಕಾಯಿ ಬಣ್ಣ ಐತಿ ನೋಡವಾ’ ಎನ್ನುತ್ತಿದ್ದರು. ಸುಧಾ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಆಕಾಶವನ್ನೂ ನನ್ನನ್ನೂ ನೋಡಿದಳು. ಅವಳಿಗೆ ಕಂಡದ್ದು ಮಳೆ ಮಾತ್ರ. ಆದರೆ ಟಿಕೆಟ್ಟಿನ ಮಾತು ಇನ್ನೂ ಹಾಗೆಯೇ ಇತ್ತು. ಅತ್ತೆ ಅದನ್ನು ಬಿಟ್ಟಿರಲಿಲ್ಲ.

ಒಂದು ಗುರುವಾರ ಅವರು ಚಿತ್ರದ ಪಕ್ಕದ ಗೋಡೆಯಲ್ಲಿ ಅಂಟಿಸಿದ್ದ ಬರಹವನ್ನು ತೋರಿಸಿ, ‘ಅದರಾಗ ಏನ್ ಬರದಾರ್ರಿ?’ ಎಂದು ಕೇಳಿದರು. ನಾನು ಎದ್ದು ಹೋಗಿ ಓದಿ ಕನ್ನಡದಲ್ಲಿ ಹೇಳಿದೆ. ಆ ಬಯಲಿನ ಮಣ್ಣು ಬಡಮಣ್ಣು. ಹಳ್ಳಿಯವರೆಲ್ಲ ಸೇರಿ ಕುರಿ ಸಾಕುತ್ತಿದ್ದದ್ದು ಉಣ್ಣೆಗಿಂತ ಹೆಚ್ಚಾಗಿ ಗೊಬ್ಬರಕ್ಕೆ. ಊರಿನ ಕುರಿಗಳನ್ನೆಲ್ಲ ಒಬ್ಬ ಕುರಿಗಾಹಿ ಮೇಯಿಸಿಕೊಂಡು ಬರುತ್ತಿದ್ದ.

‘ನಮ್ಮಲ್ಲೂ ಹಂಗ. ಸುಗ್ಗಿ ಆದಮ್ಯಾಗ ಹೊಲದಾಗ ಕುರಿ ನಿಂದ್ರಸ್ತಾರ’ ಎಂದರು ಅತ್ತೆ. ‘ಆಮ್ಯಾಲ?’

ಆಮೇಲೆ ಹಡಗಿನಲ್ಲಿ ಬೇರೆ ಗೊಬ್ಬರ ಬಂತು, ದೂರದ ದೇಶಗಳಿಂದ ಅಗ್ಗದ ಉಣ್ಣೆ ಬಂತು. ಕುರಿಮಂದೆಗಳು ಒಂದೊಂದಾಗಿ ಇಲ್ಲವಾದವು. ಚಿತ್ರಕಾರರು ಬಂದು ಬರೆದದ್ದು ಅವು ಮುಗಿಯುತ್ತಿದ್ದ ಕಾಲದಲ್ಲಿ.

ಅತ್ತೆ ಉದ್ದ ಕೋಟಿನವನನ್ನು ನೋಡುತ್ತಿದ್ದರು. ‘ಹಂಗಾರ ಈ ಮನಶ್ಯಾ ಮುಂದ ಏನ್ ಮಾಡಿದ್ನಂತ?’

ನಾನು ಮತ್ತೊಮ್ಮೆ ಓದಿದೆ. ಚಿತ್ರದ ಅಳತೆ ಇತ್ತು, ಬಟ್ಟೆಯ ಮೇಲೆ ಎಣ್ಣೆಬಣ್ಣ ಎಂದಿತ್ತು. ಅವನ ವಿಷಯ ಏನೂ ಇರಲಿಲ್ಲ.

‘ಬರೆದಿಲ್ಲ ಅತ್ತೆ’ ಎಂದು ಬಂದು ಕೂತೆ. ಆ ಮನುಷ್ಯನ ಬೆನ್ನನ್ನು ನೋಡಿದೆ. ಅವನು ಅವಸರದಲ್ಲಿರಲಿಲ್ಲ. ಮುಂದೇನೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ. ನನ್ನ ಬಾಯಿಂದ ಮಾತು ತಾನಾಗಿ ಬಂತು.

‘ನನ್ನ ಕೆಲಸಾನೂ ಹೋಗಿದೆ ಅತ್ತೆ.’

ಅವರು ನನ್ನ ಕಡೆ ತಿರುಗಲಿಲ್ಲ. ಅದಕ್ಕೆ ನಾನು ಇಂದಿಗೂ ಋಣಿ. ಚಿತ್ರ ನೋಡುತ್ತಲೇ, ‘ಯಾವಾಗ್ರಿ?’ ಎಂದರು.

‘ನೀವು ಬರೋಕ್ಕೆ ಮುಂಚೆ.’

‘ಹಂಗಾರ ದಿನಾ ಮ್ಯಾಲಿನ ಖೋಲ್ಯಾಗ ಏನ್ ಮಾಡ್ತಿದ್ರಿ?’

‘ಅರ್ಜಿ ಹಾಕ್ತಿದ್ದೆ. ಎಲ್ಲಿಂದಲೂ ಉತ್ತರ ಬರ್ತಿಲ್ಲ.’

‘ನಾ ಟೀವಿ ಸಣ್ಣಗ ಇಟ್ಟು ಇಟ್ಟು,’ ಎಂದು ಅತ್ತೆ ನಿಧಾನವಾಗಿ ಹೇಳಿದರು, ‘ಧಾರಾವಾಹಿ ಒಳಗ ಯಾರು ಯಾರಿಗೆ ಏನಂದ್ರು ಅನ್ನೋದು ಒಂದೂ ತಿಳಿವಲ್ದಾಗಿತ್ತು. ಬರೇ ಬಾಯಿ ಆಡಸೂದು ನೋಡ್ಕೋತ ಕುಂದರ್ತಿದ್ದೆ.’

ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಕಾವಲಿನ ಹೆಂಗಸು ನಮ್ಮ ಕಡೆ ನೋಡಿ, ಕುರಿಗಳಲ್ಲಿ ನಗುವಂಥದ್ದೇನಿದೆಯೆಂದು ತಾನೂ ಒಮ್ಮೆ ಚಿತ್ರವನ್ನು ನೋಡಿದಳು.

ನಗು ನಿಂತ ಮೇಲೆ ಅತ್ತೆ ಹೇಳಿದರು: ‘ಅಳಿಯಾರು ಮನ್ಯಾಗ ಕುಂತು ಕೆಲಸ ಮಾಡೂವಾಗ ನಾ ಅಡ್ಡ ಬಂದೀನಿ ಅಂತ ಅನಸ್ತಿತ್ರಿ. ಪಾತ್ರಿ ಸಪ್ಪಳಾದ್ರೂ ಎದಿ ಝಲ್ ಅಂತಿತ್ತು. ಸುಧಾನ ಮುಂದ ಹೆಂಗ ಹೇಳೂದು? ಅದಕ್ಕ ಟಿಕೀಟ ತಗಸು ಅಂದೆ.’

ಇಷ್ಟಕ್ಕಾಗಿ ನನ್ನ ಹೆಂಡತಿ ಅಷ್ಟು ದಿನ ಕಣ್ಣೀರು ಹಾಕಿದ್ದಳು. ಇಲ್ಲದ ಆಫೀಸಿಗೆ ತೊಂದರೆಯಾಗಬಾರದೆಂದು ಒಬ್ಬರು ಏಳು ಸಮುದ್ರದಾಚೆ ಹೊರಟು ನಿಂತಿದ್ದರು. ಎಂಜಿನಿಯರಾದ ನನಗೆ ಇದನ್ನು ಬಿಡಿಸಲು ಒಂದೇ ಒಂದು ವಾಕ್ಯ ಸಾಕಾಗಿತ್ತು. ಆ ವಾಕ್ಯ ಹುಟ್ಟುವುದಕ್ಕೆ ಒಬ್ಬ ಡಚ್ ಕುರಿಗಾಹಿ ಕೆಲಸ ಕಳೆದುಕೊಳ್ಳಬೇಕಾಯಿತು.

ಆ ದಿನ ಅವರು ಇನ್ನೊಂದು ವಿಷಯವನ್ನೂ ಹೇಳಿದರು. ನಿವೃತ್ತಿಯ ದಿನ ಹುಡುಗಿಯರು ಸೇರಿ ಒಂದು ಬಣ್ಣದ ಪೆಟ್ಟಿಗೆ ಕೊಟ್ಟಿದ್ದರಂತೆ. ಇನ್ನು ಮಕ್ಕಳಿಗಾಗಿ ಅಲ್ಲ, ತನಗಾಗಿ ಬರೆಯುವುದೆಂದು ಆಸೆಯಿಂದ ಕಾಗದ ಹಾಸಿಕೊಂಡು ಕೂತರೆ, ಕೈ ತಾನಾಗಿ ಎರಡು ಗೆರೆ ಎಳೆದು ದಾರಿ ಮಾಡಿತು. ದಾರಿಯ ಮೇಲೆ ಕುರಿಗಳ ಬೆನ್ನು. ಕಾಗದ ಹರಿದು ಇನ್ನೊಂದು ತೆಗೆದುಕೊಂಡರೂ ಅದೇ. ‘ಕೈ ಬ್ಯಾರೇದ ಏನೂ ತಗೀವಲ್ತು. ಅವೇ ಕುರಿ, ಅವೇ ಕುರಿ. ಅಷ್ಟು ವರ್ಷ ಕಲಿಸಿದ್ನಿ, ನಂದು ಅಂತ ಒಂದ ಚಿತ್ರ ಇಲ್ಲಲ್ಲಾ ಅಂತ ಪೆಟಿಗಿ ಮುಚ್ಚಿ ಇಟ್ಟಬಿಟ್ಟೆ.’

ನಾನು ಎದ್ದು ಹೋಗಿ ಕಾವಲಿನ ಹೆಂಗಸನ್ನು, ಇಲ್ಲಿ ಕೂತು ಚಿತ್ರ ಬರೆಯಬಹುದೇ ಎಂದು ಕೇಳಿದೆ. ಪೆನ್ನು ಕೂಡದು, ಪೆನ್ಸಿಲ್ ಆಗಬಹುದು ಎಂದು ಅವಳೇ ತನ್ನ ಜೇಬಿನಿಂದ ಒಂದು ಮೋಟು ಪೆನ್ಸಿಲ್ ತೆಗೆದುಕೊಟ್ಟಳು. ಅತ್ತೆ ಅದನ್ನು ತೆಗೆದುಕೊಂಡು, ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮ್ಯೂಸಿಯಮ್ಮಿನ ನಕ್ಷೆಯ ಹಿಂದೆ ಬರೆಯತೊಡಗಿದರು. ಕುರಿಗಳನ್ನೇ.

ಮನೆಗೆ ಬಂದ ಮೇಲೆ ಸುಧಾಳಿಗೆ ಎಲ್ಲವನ್ನೂ ಹೇಳಿದೆವು, ಅಂದರೆ ನಾನು ಹೇಳಿದೆ, ಅತ್ತೆ ರೊಟ್ಟಿ ತಟ್ಟುತ್ತ ಹೌದೆಂದರು. ಸುಧಾ ಮೊದಲು ಅತ್ತಳು, ಆಮೇಲೆ ಅವ್ವನಿಗೆ ಬೈದಳು, ಆಮೇಲೆ ನನಗೆ. ಕೊನೆಗೆ, ‘ನನ್ನ ಬಿಟ್ಟು ನೀವಿಬ್ಬರೇ ಎಲ್ಲಾ ಮಾತಾಡ್ಕೊಂಡು ಬಂದೀರಿ’ ಎಂದು ಮುನಿಸಿಕೊಂಡಳು. ರಾಯಭಾರಿಗೆ ಕೆಲಸ ಹೋದ ದುಃಖವಿರಬೇಕು. ಟಿಕೆಟ್ಟಿನ ಮಾತು ಮತ್ತೆ ಏಳಲಿಲ್ಲ. ಟೀವಿಯ ಧ್ವನಿ ಮಾತ್ರ ಎಷ್ಟು ಎದ್ದಿತೆಂದರೆ ನನ್ನ ಅರ್ಜಿಗಳಲ್ಲಿ ಧಾರಾವಾಹಿಯ ಅತ್ತೆಸೊಸೆಯರು ನುಸುಳದಂತೆ ಎಚ್ಚರ ವಹಿಸಬೇಕಾಯಿತು.

ಶನಿವಾರ ಸುಧಾ ನೀರುಬಣ್ಣದ ಪೆಟ್ಟಿಗೆ, ಕುಂಚ, ದಪ್ಪ ಕಾಗದ ತಂದುಕೊಟ್ಟಳು. ಅತ್ತೆ ಅದನ್ನು ಮನೆಯಲ್ಲಿ ತೆರೆಯಲಿಲ್ಲ. ಚೀಲದಲ್ಲಿ ಇಟ್ಟುಕೊಂಡು ಪ್ರತಿ ಗುರುವಾರ ಮ್ಯೂಸಿಯಮ್ಮಿಗೆ ತರುವುದು, ಅಲ್ಲಿ ಬಣ್ಣಕ್ಕೆ ಅಪ್ಪಣೆಯಿಲ್ಲವೆಂದು ಮೋಟು ಪೆನ್ಸಿಲ್ಲಿನಲ್ಲೇ ಬರೆದು ವಾಪಸು ಒಯ್ಯುವುದು. ಅಪ್ಪಣೆಯಿಲ್ಲದಿರುವುದೇ ಅವರಿಗೆ ಅನುಕೂಲವಾಗಿತ್ತೆಂದು ನನ್ನ ಗುಮಾನಿ. ಪೆಟ್ಟಿಗೆ ತೆರೆದು, ಮತ್ತೆ ಅವೇ ಬೆನ್ನುಗಳು ಬಂದರೆ?

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಗುರುವಾರ ಹೋದಾಗ ಆ ಗೋಡೆಯಲ್ಲಿ ಕುರಿಗಳಿರಲಿಲ್ಲ. ಅಲ್ಲೊಂದು ದೊಡ್ಡ ಕೆಂಪು ಚೌಕ ತೂಗುತ್ತಿತ್ತು, ಇಂದಿನ ಕಾಲದ್ದು. ಪ್ರದರ್ಶನ ಬದಲಾಯಿತು, ಹಳೆಯವನ್ನು ಒಳಗೆ ಇಟ್ಟರು, ಮತ್ತೆ ಯಾವಾಗ ತೆಗೆಯುತ್ತಾರೋ ಗೊತ್ತಿಲ್ಲ ಎಂದಳು ಕಾವಲಿನ ಹೆಂಗಸು. ಅವಳಿಗೂ ಬೇಸರವಾಗಿತ್ತು. ನಾವು ಅಭ್ಯಾಸಬಲದಿಂದ ಬೆಂಚಿನ ಮೇಲೆ ಕೂತೆವು. ಕೆಂಪು ಚೌಕದ ಮುಂದೆ ನಿದ್ದೆಯೂ ಬರಲಿಲ್ಲ, ಮಾತೂ ಬರಲಿಲ್ಲ.

‘ಹೊಂಟ ಹೋದುವಲ್ರಿ’ ಎಂದರು ಅತ್ತೆ. ಮನೆಯವರನ್ನು ಸ್ಟೇಷನ್ನಿನಲ್ಲಿ ಬೀಳ್ಕೊಟ್ಟು ಬಂದವರ ಧ್ವನಿ.

ಹಿಂದಿರುಗುವಾಗ ನಾನು ಮನೆಯ ಕಡೆಗೆ ಹೋಗದೆ ಹೆದ್ದಾರಿ ಬಿಟ್ಟು ಸ್ನೊಹೋಮಿಶ್ ಕಣಿವೆಗೆ ಕಾರು ಇಳಿಸಿದೆ. ಯೋಚಿಸಿ ಮಾಡಿದ್ದಲ್ಲ. ಆ ಕೆಂಪು ಚೌಕವನ್ನು ಕಣ್ಣಲ್ಲಿಟ್ಟುಕೊಂಡು ಮನೆಗೆ ಹೋಗುವುದು ಬೇಡವೆನಿಸಿತು. ಕಣಿವೆಯಲ್ಲಿ ಹೊಳೆಯ ನೀರು ಹೊಲಗಳಿಗೆ ನುಗ್ಗಿ ಇಳಿದು ಹೋಗಿತ್ತು. ಹುಲ್ಲಿನ ಮೇಲೆ ಮಂಜು ನೆಲ ಬಿಟ್ಟು ಸ್ವಲ್ಪವೇ ಮೇಲೆ ನಿಂತಿತ್ತು, ಮರಗಳ ಬುಡ ಅಳಿಸಿಹೋಗಿ ತಲೆಗಳು ಮಾತ್ರ ತೇಲುತ್ತಿದ್ದವು. ಎಚ್ಚರವೋ ಕನಸೋ ತಿಳಿಯದಂಥ ಬೆಳಕು. ದಾರಿ ತಿರುಗಿದಾಗ ಬೇಲಿಯ ಆಚೆ ಕುರಿಗಳಿದ್ದವು.

‘ನಿಂದರಸ್ರಿ’ ಎಂದರು ಅತ್ತೆ.

ಅವು ಬೆನ್ನು ಹಾಕಿ ಹೊರಟ ಕುರಿಗಳಲ್ಲ. ನಿಂತಲ್ಲಿ ನಿಂತು, ಬಾಯಲ್ಲಿ ಹುಲ್ಲು ಇಟ್ಟುಕೊಂಡು, ಎಲ್ಲವೂ ನಮ್ಮನ್ನೇ ನೋಡುತ್ತಿದ್ದವು. ಮುಖ ಕಪ್ಪು, ಮೈ ಕೆಸರು. ಬೇಲಿಯ ಹತ್ತಿರ ಒಂದು ಮುದಿ ಕುರಿ ಕಾಲು ಮಡಚಿ ಮಲಗಿತ್ತು, ಅದರ ಮಗ್ಗುಲಿಗೆ ಒತ್ತಿಕೊಂಡು ಈಚೆಗೆ ಹುಟ್ಟಿದ ಮರಿ. ಅತ್ತೆ ಕಾರಿನಿಂದಿಳಿದು ಬೇಲಿಯ ತನಕ ಹೋಗಿ ಬಹಳ ಹೊತ್ತು ನಿಂತರು. ಆಮೇಲೆ ವಾಪಸು ಬಂದು, ಕಾರಿನ ಹಿಂಬಾಗಿಲು ಎತ್ತಿಸಿ, ಡಿಕ್ಕಿಯ ಅಂಚಿನಲ್ಲಿ ಕೂತು, ಚೀಲದಿಂದ ಪೆಟ್ಟಿಗೆ ತೆಗೆದರು. ಬಣ್ಣಗಳ ಮೇಲಿನ ಕಾಗದವನ್ನು ಉಗುರಿನಿಂದ ಬಿಡಿಸಿದರು. ಕುಂಚ ಕೈಗೆತ್ತಿಕೊಂಡರು.

‘ಮಾರಿ ತಗದ ಗೊತ್ತಿಲ್ರಿ ನನಗ’ ಎಂದರು; ಮಾರಿಯೆಂದರೆ ಅವರ ಕಡೆ ಮುಖ. ‘ಕುರೀ ಮಾರಿ ಹೆಂಗಿರತೈತಿ ಅಂತನ ನೋಡಿಲ್ಲ ನಾ.’

ಎತ್ತಿದ ಬಾಗಿಲಿನ ಕೆಳಗೂ ಓರೆಯಾಗಿ ಬೀಳುವ ತುಂತುರು ಶುರುವಾಯಿತು. ನಾನು ಕೊಡೆ ಬಿಚ್ಚಿ ಕಾಗದದ ಮೇಲೆ ಹಿಡಿದೆ. ಇನ್ನೊಂದು ಕೈಯಲ್ಲಿ ನೀರಿನ ಬಟ್ಟಲು. ಕಾಗದ ನೆನೆಯದಂತೆ ಹಿಡಿದರೆ ಅತ್ತೆ ನೆನೆಯುತ್ತಿದ್ದರು, ಅತ್ತೆಗೆ ಹಿಡಿದರೆ ಕಾಗದ. ನನ್ನ ಪಾಲಿಗೆ ಕೊಡೆಯಿರಲಿಲ್ಲ. ಮರಿ ಎದ್ದು ಓಡಾಡಿದರೆ ಅವರು, ‘ಏ, ಸುಮ್ಮ ಕುಂದ್ರ’ ಎಂದು ಗದರುತ್ತಿದ್ದರು, ಹೈಸ್ಕೂಲಿನ ಧ್ವನಿಯಲ್ಲಿ. ಮರಿ ಕೇಳಲಿಲ್ಲ. ಮುದಿ ಕುರಿ ಮಾತ್ರ ಹದವಾಗಿ ಮಲಗಿತ್ತು. ಕಾಗದದ ಮೇಲೆ ಮೊದಲು ಒಂದು ಕಿವಿ ಬಂತು, ಅದು ಕಿವಿಯಂತಿರಲಿಲ್ಲ. ಅಳಿಸದೆ ಅದರ ಪಕ್ಕದಲ್ಲಿ ಇನ್ನೊಂದು ಬರೆದರು. ನಿಧಾನವಾಗಿ ಒಂದು ಹಣೆ, ಬೂದಿನಲ್ಲಿ ಸ್ವಲ್ಪ ನೀಲಿ ಕಲಸಿದ ಉಣ್ಣೆ, ಉದ್ದ ಮೂಗು.

ಆಗ ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅದು ಎವರೆಟ್‌ನ ಒಂದು ಕಂಪನಿಯಿಂದ ಬಂದ ಕರೆಯೆಂದು ಆಮೇಲೆ ತಿಳಿಯಿತು. ಅವರು ಮರುದಿನ ಮತ್ತೆ ಮಾಡಿದರು. ಮೂರು ಸುತ್ತು ಮಾತುಕತೆಯಾಗಿ, ಅತ್ತೆ ಗದಗಿಗೆ ಹೊರಡುವ ವಾರ ನನಗೆ ಅಲ್ಲಿ ಕೆಲಸವೂ ಸಿಕ್ಕಿತು, ಹಿಂದಿನದಕ್ಕಿಂತ ಸಣ್ಣದು. ಇವೆಲ್ಲ ಮುಂದಿನ ಮಾತು. ಆ ಗಳಿಗೆಯಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೇ: ಅಷ್ಟೊಂದು ವಾರ ಯಾವ ಸದ್ದಿಗಾಗಿ ಮಹಡಿಯ ಕೋಣೆಯಲ್ಲಿ ಕಾಯುತ್ತ ಕೂತಿದ್ದೆನೋ ಆ ಸದ್ದು ಬರುತ್ತಿದೆ, ಮತ್ತು ನನ್ನ ಎರಡೂ ಕೈಗಳಿಗೆ ಕೆಲಸವಿದೆ.

ಅತ್ತೆ ಕುಂಚ ತಡೆದು ತಲೆಯೆತ್ತಿದರು. ‘ಫೋನ್ ಬಂದೈತ್ರಿ. ಆಫೀಸಿಂದಿರಬೇಕು.’

‘ಬರ್ಲಿ ಬಿಡಿ ಅತ್ತೆ’ ಎಂದೆ. ‘ನೀವು ಬರೀರಿ. ಕುರಿ ಎದ್ದುಬಿಡುತ್ತೆ.’